ಬಸಿದ ನೀರು

ಮಣ್ಣಿನದೇ ದೋಷವಿರಬೇಕು. ಇಲ್ಲದಿದ್ದರೆ ನಿನ್ನೆ ಸಂಜೆ ಹಾಕಿದ ನೀರು ಬೆಳಗಾಗುವುದರೊಳಗೆ ಎಲ್ಲಿಗೆ ಹೋಗುತ್ತದೆ? ಚಲಪತಿ ಕನಕಾಂಬರದ ಕುಂಡದೊಳಗೆ ತೋರುಬೆರಳನ್ನು ಬುಡದವರೆಗೂ ಇಳಿಸಿ ತೆಗೆದ. ಬೆರಳಿಗೆ ಹತ್ತಿದ್ದು ಒಣ ಧೂಳು. ಪಕ್ಕದ ಮರುಗದ ಕುಂಡವೂ ಹಾಗೇ. ಬಟನ್ ರೋಜಾದ ಕುಂಡದಲ್ಲಂತೂ ಮಣ್ಣು ಅಂಚಿನಿಂದ ಬಿಟ್ಟುಕೊಂಡು ಬಿರುಕೊಡೆದಿತ್ತು. ಮೆಟ್ಟಿಲ ಬಾಯಿಯ ಹತ್ತಿರವಿದ್ದ ತುಳಸಿ ಮಾತ್ರ ತಂಪಾಗಿತ್ತು. ಒಂದೇ ಮಣ್ಣು, ಒಂದೇ ಬಿಸಿಲು, ಒಂದೇ ಡಬ್ಬದ ನೀರು. ಕುಂಡಗಳ ತಳದ ತೂತು ದೊಡ್ಡದಾಯಿತೇ? ಮಣ್ಣಿನಲ್ಲಿ ಮರಳು ಹೆಚ್ಚಾಯಿತೇ? ಅಥವಾ ತಾರಸಿಯ ಕಾವೇ ಕೆಳಗಿನಿಂದ ಹೀರುತ್ತಿದೆಯೇ? ಒಂದೊಂದನ್ನೇ ಯೋಚಿಸಿದ, ಒಂದೂ ಒಪ್ಪಿಗೆಯಾಗಲಿಲ್ಲ.

ಕಾರಣ ಹುಡುಕುವುದು ಅವನ ಕಸುಬು. ಶಿಡ್ಲಘಟ್ಟದ ಹೊರಗಿದ್ದ ಒಂದು ಖಾಸಗಿ ರೇಷ್ಮೆ ಮೊಟ್ಟೆ ಕೇಂದ್ರದಲ್ಲಿ, ಮೊಟ್ಟೆಯಿಟ್ಟು ಮುಗಿಸಿದ ತಾಯಿ ಚಿಟ್ಟೆಗಳನ್ನು ಅರೆದು ಅವನು ಸೂಕ್ಷ್ಮದರ್ಶಕದ ಕೆಳಗೆ ನೋಡುತ್ತಿದ್ದ. ಆ ರಸದಲ್ಲಿ ರೋಗಾಣುವಿನ ಕಾಳು ಕಂಡರೆ ಅದರ ಮೊಟ್ಟೆಗಳನ್ನೆಲ್ಲ ಸುಡಬೇಕು. ಬಿ.ಎಸ್ಸಿ. ಮುಗಿಸಿ ಹಿಡಿದ ಈ ಕೆಲಸದಲ್ಲೇ ಅವನ ತಲೆ ನರೆತಿತ್ತು. ಯಾವುದಕ್ಕೂ ಕಣ್ಣಿಗೆ ಕಾಣದ ಒಂದು ಕಾರಣ ಒಳಗೆ ಇದ್ದೇ ಇರುತ್ತದೆ, ತಾಳ್ಮೆಯಿಂದ ನೋಡಿದರೆ ಸಿಗುತ್ತದೆ ಎಂದು ನಂಬಿದ್ದ. ಮಾತಿನಲ್ಲಿ ಅವನಿಗೆ ಅಂಥ ನಂಬಿಕೆ ಇರಲಿಲ್ಲ.

ಕೆಳಗಿನಿಂದ ತಾಯಿಯ ದನಿ ಬಂತು. "ಚಲಪತೀ, ಟೈಮಾಯ್ತು ಕಣಪ್ಪ. ಗಿಡದ ಹತ್ರ ಏನು ಕಣಿ ಕೇಳ್ತಾ ನಿಂತಿದ್ದೀಯ?"

ಡಬ್ಬಕ್ಕೆ ನೀರು ತುಂಬಿಸಿ ತಾರಸಿಯ ಮೂಲೆಯ ನೆರಳಿನಲ್ಲಿಟ್ಟು ಇಳಿದ. ದಿನಾ ಬೆಳಿಗ್ಗೆ ಹೀಗೆ ಒಂದು ಸಣ್ಣ ಎಣ್ಣೆ ಡಬ್ಬದಷ್ಟು ನೀರನ್ನು ಕುಂಡಗಳಿಗೆಂದು ಮೇಲಿಡುತ್ತಿದ್ದ. ಅದಕ್ಕಿಂತ ಹೆಚ್ಚು ಕೊಡುವಂತಿರಲಿಲ್ಲ. ಚಿಕ್ಕಬಳ್ಳಾಪುರ ಹೊಸ ಜಿಲ್ಲೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ. ಶಿಡ್ಲಘಟ್ಟದ ನಲ್ಲಿಗಳು ಮಾತ್ರ ಹಳೆಯ ಜಿಲ್ಲೆಯಲ್ಲಿದ್ದಾಗಿನಂತೆಯೇ ವಾರಕ್ಕೊಮ್ಮೆ ಕೆಮ್ಮುತ್ತಿದ್ದವು. ಉಳಿದದ್ದು ಟ್ಯಾಂಕರು. ಸಂಜೆ ಬಿಸಿಲು ಇಳಿದ ಮೇಲೆ ಹೆಂಡತಿ ಆದಿಲಕ್ಷ್ಮಿ ಗೋಡೆ ಹಿಡಿದುಕೊಂಡು ಮೆಟ್ಟಿಲು ಹತ್ತಿ ಆ ನೀರನ್ನು ಗಿಡಗಳಿಗೆ ಹಾಕುತ್ತಿದ್ದಳು. ಮನೆಯಲ್ಲಿ ಅವಳಿಗೆ ಉಳಿದಿದ್ದ ಕೆಲಸ ಅದೊಂದೇ.

ಅವಳ ಎರಡು ಮೂತ್ರಪಿಂಡಗಳೂ ಹಿಂದಿನ ವರ್ಷ ಕೈಬಿಟ್ಟಿದ್ದವು. ವಾರಕ್ಕೆ ಎರಡು ಸಲ ಬೆಂಗಳೂರಿನ ಆಸ್ಪತ್ರೆಗೆ ಹೋಗಿ ಯಂತ್ರದಿಂದ ರಕ್ತ ತೊಳೆಸಿಕೊಂಡು ಬರಬೇಕು. ಮೈಯಿಂದ ನೀರು ಹೊರಗೆ ಹೋಗುವ ದಾರಿ ಮುಚ್ಚಿರುವುದರಿಂದ ಒಳಗೆ ಹೋಗುವ ನೀರಿಗೂ ಕಾವಲು. ದಿನಕ್ಕೆ ಒಂದು ಸಣ್ಣ ಸ್ಟೀಲು ಚೊಂಬು. ಕಾಫಿ, ಮಾತ್ರೆ, ಬಾಯಿ ಒಣಗಿದಾಗಿನ ಗುಟುಕು, ಎಲ್ಲ ಅದರಲ್ಲೇ. ಹೆಚ್ಚಾದರೆ ನೀರು ಶ್ವಾಸಕೋಶಕ್ಕೆ ಏರುತ್ತದೆ, ಹೃದಯ ನಿಲ್ಲುತ್ತದೆ ಎಂದು ಡಾಕ್ಟರು ಮೊದಲ ದಿನವೇ ಹೇಳಿದ್ದರು. ಆ ಮಾತು ಕೇಳಿದ ದಿನದಿಂದ ಚಲಪತಿಯ ತಾಯಿ ಮುನಿಶಾಮಮ್ಮ ಕುಡಿಯುವ ನೀರಿನ ಡ್ರಮ್ಮಿನ ಮುಚ್ಚಳದ ಮೇಲೆ ಗುಂಡುಕಲ್ಲು ಹೇರಿ, ಚೊಂಬನ್ನು ತನ್ನ ಹಾಸಿಗೆಯ ತಲೆದೆಸೆಯಲ್ಲಿ ಇಟ್ಟುಕೊಂಡಿದ್ದಳು.

"ಅತ್ತೇ, ಒಂದು ಗುಟುಕು."

"ಅದು ಮಧ್ಯಾಹ್ನದ ಮಾತ್ರೆಗೆ ಇಟ್ಟಿರೋದು ಕಣಮ್ಮ. ಈಗ್ಲೇ ಕುಡುದ್ರೆ ಮಾತ್ರೆನ ಉಗುಳಲ್ಲಿ ನುಂಗ್ತೀಯಾ?"

"ಉಗುಳಾದ್ರೂ ಎಲ್ಲೈತೆ ಅತ್ತೆ."

ಮುನಿಶಾಮಮ್ಮ ಮುಖ ತಿರುಗಿಸಿಕೊಂಡು ಒಂದು ಗುಟುಕು ಕೊಡುತ್ತಿದ್ದಳು. ಕೊಟ್ಟ ಮೇಲೆ ಚೊಂಬನ್ನು ಬೆಳಕಿಗೆ ಹಿಡಿದು ಎಷ್ಟು ಉಳಿದಿದೆ ಎಂದು ನೋಡುತ್ತಿದ್ದಳು. ಆಮೇಲೆ ಸೊಸೆ ಮಲಗಿದ ಮೇಲೆಯೇ ಅಡುಗೆಮನೆಯ ಬಾಗಿಲು ಹಾಕಿಕೊಂಡು ತಾನು ನೀರು ಕುಡಿಯುತ್ತಿದ್ದಳು.

ಇಷ್ಟಾದರೂ ಆಸ್ಪತ್ರೆಯಲ್ಲಿ ಪ್ರತಿ ಸಲ ತೂಕದ ಯಂತ್ರದ ಮುಳ್ಳು ಇರಬೇಕಾದ್ದಕ್ಕಿಂತ ಮುಂದೆ ಹೋಗಿ ನಿಲ್ಲುತ್ತಿತ್ತು. ಯಂತ್ರ ನಡೆಸುವ ಹುಡುಗನಿಗೆ ನಾಲಗೆ ಹರಿತ.

"ಏನಮ್ಮಾ, ದಾರೀಲಿ ಯಾವ್ದಾದ್ರೂ ಕೆರೆ ಕುಡ್ಕೊಂಡು ಬಂದ್ರಾ?"

"ನಮ್ಮ ಕಡೆ ಕೆರೇಲಿ ನೀರೆಲ್ಲೈತಪ್ಪ ಕುಡಿಯಕ್ಕೆ?" ಎಂದಳು ಆದಿಲಕ್ಷ್ಮಿ. ಪಕ್ಕದ ಹಾಸಿಗೆಗಳಲ್ಲಿದ್ದವರೂ ನಕ್ಕರು. ಅವಳು ನಗಲಿಲ್ಲ. ಸೂಜಿ ಚುಚ್ಚಲು ಕೈ ಚಾಚಿ ಗೋಡೆಯ ಕಡೆ ತಿರುಗಿಕೊಂಡಳು.

ಡಾಕ್ಟರು ಚಲಪತಿಯನ್ನು ಹೊರಗೆ ಕರೆದು ಕೇಳಿದರು. "ನೀರು ಜಾಸ್ತಿ ಹೋಗ್ತಿದೆಯಾ?"

"ಅಳತೆ ಮಾಡೇ ಕೊಡೋದು ಸಾರ್. ನಮ್ಮಮ್ಮನ ಕೈಲೇ ಇರುತ್ತೆ."

"ಹಾಗಾದ್ರೆ ಊಟದಲ್ಲಿ ನೋಡಿ. ಮುದ್ದೇಲಿ ನೀರಿರುತ್ತೆ, ಮೊಸರಲ್ಲಿ ಇರುತ್ತೆ, ಸಾರಲ್ಲಿ ಇರುತ್ತೆ."

ಚಲಪತಿ ಊಟದಲ್ಲಿ ನೋಡಿದ. ಮುದ್ದೆ ಸಣ್ಣದಾಯಿತು. ಮೊಸರು ನಿಂತಿತು. ತೂಕ ಇಳಿಯಲಿಲ್ಲ. ಹೆಂಡತಿಯ ಮೈ ಹಿಡಿದಿಟ್ಟುಕೊಳ್ಳುವ ನೀರು ಒಂದು ಲೆಕ್ಕ, ಕುಂಡದ ಮಣ್ಣು ಹಿಡಿದಿಟ್ಟುಕೊಳ್ಳದ ನೀರು ಇನ್ನೊಂದು ಲೆಕ್ಕ. ಎರಡನ್ನೂ ಅವನು ಬೇರೆ ಬೇರೆ ಹೊತ್ತಿನಲ್ಲಿ ಬಿಡಿಸುತ್ತಿದ್ದ. ಬೆಂಗಳೂರಿನಿಂದ ಹಿಂದಿರುಗುವ ಬಸ್ಸಿನಲ್ಲಿ ಒಂದು, ಬೆಳಿಗ್ಗೆ ತಾರಸಿಯ ಮೇಲೆ ಇನ್ನೊಂದು.

ಒಂದು ಭಾನುವಾರ ಚಿಂತಾಮಣಿ ರಸ್ತೆಯಲ್ಲಿದ್ದ ವೆಂಕಟರವಣಪ್ಪನ ನರ್ಸರಿಗೆ ಹೋದ. ಹಸಿರು ಪರದೆಯ ಕೆಳಗೆ ಟೊಮ್ಯಾಟೊ, ದಪ್ಪ ಮೆಣಸಿನಕಾಯಿಯ ಸಸಿಗಳು ತಟ್ಟೆ ತಟ್ಟೆಯಾಗಿ ನಿಂತಿದ್ದವು. ವೆಂಕಟರವಣಪ್ಪ ಪೈಪು ಕೆಳಗಿಟ್ಟು, ಬನ್ನಿ ಎಂದು ತೆಲುಗಿನಲ್ಲಿ ಕರೆಯುತ್ತಾ ಬಂದ.

"ರಂಡಿ ಸಾರ್, ರಂಡಿ. ಹುಳದ ಡಾಕ್ಟ್ರು ಗಿಡಕ್ಕೆ ಬಂದವ್ರೆ. ಏನು, ಚಿಟ್ಟೆ ಅರೆದು ಅರೆದು ಬೇಜಾರಾಯ್ತಾ?"

"ಕುಂಡದಲ್ಲಿ ನೀರು ನಿಲ್ತಾ ಇಲ್ಲಪ್ಪ. ಸಂಜೆ ಹಾಕಿದ್ದು ಬೆಳಿಗ್ಗೆಗಿರಲ್ಲ."

"ಎಲ್ಲಾ ಕುಂಡಾನಾ?"

"ತುಳಸಿ ಒಂದು ಬಿಟ್ಟು."

"ದೇವ್ರ ಗಿಡ ಸಾರ್, ದೇವ್ರೇ ನೋಡ್ಕೊಂತಾನೆ. ಮಿಕ್ಕಿದ್ದಕ್ಕೆ ನಾವು." ನಗುತ್ತಾ ಒಳಗಿನಿಂದ ಇಟ್ಟಿಗೆಯಂಥದೊಂದನ್ನು ತಂದು ಚಲಪತಿಯ ಕೈಗಿಟ್ಟ. ತೆಂಗಿನ ಸಿಪ್ಪೆಯಿಂದ ನಾರು ತೆಗೆದ ಮೇಲೆ ಉಳಿಯುವ ಪುಡಿಯನ್ನು ಒತ್ತಿ ಮಾಡಿದ ಇಟ್ಟಿಗೆ. ಹಗುರವಾಗಿತ್ತು. "ಕೆರೆ ಗೋಡುಮಣ್ಣು ಹಾಕಕ್ಕೆ ಹೋಗ್ಬೇಡಿ, ಒಣಗಿದ್ರೆ ಕಲ್ಲಾಗ್ತದೆ. ಇದು ನೋಡಿ, ನೀರು ಕಂಡ್ರೆ ಉಬ್ಬಿ ಬುಟ್ಟಿ ತುಂಬ್ತದೆ. ಕುಡಿದಿದ್ದು ಬಿಡಲ್ಲ, ಕುಡುಕರ ಥರ. ಮಣ್ಣಿಗೆ ಅರ್ಧದಷ್ಟು ಬೆರೆಸಿ, ಮೇಲೆ ಒಣ ಎಲೆ ಮುಚ್ಚಿ. ಆದ್ರೆ ಒಂದು. ನೆನೆಸಿದ ಮೊದಲ್ನೇ ನೀರು, ಎರಡನೇ ನೀರು ಚೆಲ್ಲಿಬಿಡಿ. ಟೀ ಕಲರ್ ಬರ್ತದೆ. ಉಪ್ಪಿರ್ತದೆ ಅದ್ರಲ್ಲಿ, ಬೇರು ಸುಡ್ತದೆ. ನೀರು ತಿಳಿಯಾದ್ಮೇಲೆ ಬೆರೆಸಿ."

ಆ ಸಂಜೆ ತಾರಸಿಯ ಮೇಲೆ ದೊಡ್ಡ ಪ್ಲಾಸ್ಟಿಕ್ ಬೇಸಿನ್ನಿನಲ್ಲಿ ಇಟ್ಟಿಗೆ ನೆನೆಯಿತು. ಒಡೆದು, ಉಬ್ಬಿ, ಕಂದು ಬಣ್ಣದ ಮೆತ್ತನೆಯ ರಾಶಿಯಾಯಿತು. ಮೇಲೆ ನಿಂತ ನೀರು ಕಷಾಯದಂತಿತ್ತು. ಮೊದಲ ನೀರನ್ನೂ ಎರಡನೆಯ ನೀರನ್ನೂ ಚಲಪತಿ ಬಸಿದು ಕೆಳಗೆ ಕಕ್ಕಸಿನ ಬಕೆಟ್ಟಿಗೆ ಸುರಿದ. ಆದಿಲಕ್ಷ್ಮಿ ಮೆಟ್ಟಿಲ ಬಾಯಲ್ಲಿ ಕುಳಿತು ನೋಡುತ್ತಿದ್ದಳು.

"ಅಷ್ಟು ನೀರು ಚೆಲ್ಲಬೇಕಾ?"

"ಉಪ್ಪಿರುತ್ತೆ."

"ಹ್ಞೂಂ," ಎಂದಳು. ಬೇಸಿನ್ನನ್ನೇ ನೋಡುತ್ತಾ, "ನಮ್ಮ ತವರು ಕಳವಾರದಲ್ಲಿ ಬೆಟ್ಟದ ಬುಡದಲ್ಲಿ ಒಂದು ಕಲ್ಲು ದೊಣೆ ಇತ್ತು. ಬೇಸಿಗೇಲೂ ಬತ್ತಾ ಇರಲಿಲ್ಲ. ಮಂಡಿಯೂರಿ ದನ ಕುಡಿದಂಗೆ ಕುಡೀತಿದ್ವಿ" ಎಂದಳು. ಅವನು ಪುಡಿಯನ್ನು ಕಲಸುತ್ತಲೇ ಇದ್ದ. ನೀರಿನ ಮಾತು ಬಂದರೆ ಬೇರೆ ಕಡೆ ತಿರುಗಿಸಬೇಕು ಎಂದು ಆಸ್ಪತ್ರೆಯಲ್ಲಿ ಹೇಳಿಕೊಟ್ಟಿದ್ದರು. ತಿರುಗಿಸುವುದಕ್ಕೂ ಒಂದು ಮಾತು ಬೇಕಲ್ಲ.

ಹೊಸ ಮಣ್ಣು ಕೆಲಸ ಮಾಡಿತು. ಎರಡು ದಿನ ಬಿಟ್ಟು ಬೆರಳು ಇಳಿಸಿದಾಗಲೂ ಒಳಗೆ ತಂಪು ಸಿಕ್ಕಿತು. ಕನಕಾಂಬರ ತಲೆ ಎತ್ತಿತು. ಎಷ್ಟೋ ತಿಂಗಳ ಮೇಲೆ ಒಂದು ಕಾರಣ ಅವನ ಕೈಗೆ ಸಿಕ್ಕಿತ್ತು. ಊಟಕ್ಕೆ ಕುಳಿತಾಗ ತಾನಾಗಿಯೇ ಮಾತೆತ್ತಿದ.

"ಇನ್ಮೇಲೆ ದಿನಾ ನೀರು ಬೇಕಾಗಿಲ್ಲ. ಮೂರು ದಿನಕ್ಕೊಂದು ಸಲ ನಾನೇ ಬೆಳಿಗ್ಗೆ ಹಾಕಿಬಿಡ್ತೀನಿ. ನೀನು ಮೆಟ್ಟಿಲು ಹತ್ತೋ ಕಷ್ಟ ತಪ್ತು."

ಆದಿಲಕ್ಷ್ಮಿಯ ಕೈ ತಟ್ಟೆಯ ಮೇಲೆ ನಿಂತಿತು. "ಡಬ್ಬ ಇಡಲ್ವಾ ಹಂಗಾದ್ರೆ?"

"ಯಾಕೆ, ಬೇಕಾಗಿಲ್ಲವಲ್ಲ."

"ಒಳ್ಳೇದೇ ಆಯ್ತು ಬಿಡಮ್ಮ," ಎಂದಳು ಮುನಿಶಾಮಮ್ಮ. "ಒಂದು ಡಬ್ಬ ನೀರುಳೀತು."

ಮುಂದಿನ ಸಲ ಆಸ್ಪತ್ರೆಯಲ್ಲಿ ತೂಕ ಸರಿಯಾಗಿತ್ತು. ಯಂತ್ರದ ಹುಡುಗ ಕೈ ಎತ್ತಿ ಮುಗಿದ. ಡಾಕ್ಟರು ಚಲಪತಿಯ ಭುಜ ತಟ್ಟಿದರು. ಬಸ್ಸಿನಲ್ಲಿ ಕಿಟಕಿಯ ಪಕ್ಕ ಕುಳಿತ ಆದಿಲಕ್ಷ್ಮಿಯ ತುಟಿಗಳು ಸೀಳಿ, ಮೂಲೆಗಳಲ್ಲಿ ಬಿಳಿ ಕಟ್ಟಿತ್ತು. ದೇವನಹಳ್ಳಿ ದಾಟಿ ವಿಜಯಪುರದ ನಿಲ್ದಾಣದಲ್ಲಿ ಸೌತೆಕಾಯಿ ಮಾರುವ ಹೆಂಗಸು ಕಿಟಕಿಗೆ ಬುಟ್ಟಿ ಎತ್ತಿ ಹಿಡಿದಾಗ ಅವಳು ಕಣ್ಣು ಮುಚ್ಚಿಕೊಂಡಳು. ಮೊಸರು ಬಿಟ್ಟದ್ದು ಸರಿಯಾಯಿತು ಎಂದು ಚಲಪತಿ ಅಂದುಕೊಂಡ.

ಇಟ್ಟಿಗೆಯ ಪುಡಿ ಇನ್ನೂ ಉಳಿದಿತ್ತು. ಕೊನೆಯ ಎರಡು ಕುಂಡಗಳಿಗೆಂದು ಅದನ್ನು ಬೇಸಿನ್ನಿನಲ್ಲೇ ನೆನೆಸಿ ಗೋಣಿಚೀಲ ಮುಚ್ಚಿಟ್ಟಿದ್ದ.

ಆ ವಾರ ಒಂದು ಮಧ್ಯಾಹ್ನ ಮೊಟ್ಟೆ ಕೇಂದ್ರದಲ್ಲಿ ಕರೆಂಟು ಹೋಯಿತು. ಸೂಕ್ಷ್ಮದರ್ಶಕದ ದೀಪವಿಲ್ಲದೆ ಕೆಲಸವಿಲ್ಲ. ಮಾಲೀಕರು ಎಲ್ಲರನ್ನೂ ಮನೆಗೆ ಕಳಿಸಿದರು. ಚಲಪತಿ ಸೈಕಲ್ ನಿಲ್ಲಿಸಿ ಒಳಗೆ ನೋಡಿದ. ತಾಯಿ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಹೆಂಡತಿಯ ಹಾಸಿಗೆ ಖಾಲಿ. ಚಪ್ಪಲಿ ಬಿಟ್ಟು ಮೆಟ್ಟಿಲು ಹತ್ತಿದ. ಕೊನೆಯ ಮೆಟ್ಟಿಲಿಗಿಂತ ಸ್ವಲ್ಪ ಕೆಳಗೇ ತಾರಸಿ ಕಣ್ಣಿನ ಮಟ್ಟಕ್ಕೆ ಬಂತು. ಅಲ್ಲೇ ನಿಂತ.

ಆದಿಲಕ್ಷ್ಮಿ ಬೇಸಿನ್ನಿನ ಮುಂದೆ ಅವನಿಗೆ ಅರ್ಧ ಬೆನ್ನು ಮಾಡಿ ಕುಳಿತಿದ್ದಳು. ಗೋಣಿಚೀಲ ಸರಿದಿತ್ತು. ಒದ್ದೆ ಪುಡಿಯನ್ನು ಒಂದು ಹಿಡಿ ತೆಗೆದು ಸೆರಗಿನ ಅಂಚಿನಲ್ಲಿ ಕಟ್ಟಿ ಎಡಗೈಯಲ್ಲಿ ಹಿಂಡಿದಳು. ಬಲಗೈಯ ಗುಳಿಯಲ್ಲಿ ಕಂದು ನೀರು ತೊಟ್ಟಿಕ್ಕಿತು. ಅದು ತುಂಬುವವರೆಗೆ ಕಾದಳು. ಆತುರವಿರಲಿಲ್ಲ. ಕುಡಿದಳು. ಮತ್ತೆ ಒಂದು ಹಿಡಿ. ಮತ್ತೆ ಕಾದಳು. ಸಾಕಾದ ಮೇಲೆ, ಗುಡಿಯಲ್ಲಿ ತೀರ್ಥ ತೆಗೆದುಕೊಂಡವರು ಮಾಡುವ ಹಾಗೆ, ಒದ್ದೆ ಅಂಗೈಯನ್ನು ನೆತ್ತಿಗೆ ಸವರಿಕೊಂಡಳು.

ಚಲಪತಿಗೆ ಎರಡೂ ಲೆಕ್ಕಗಳು ಒಟ್ಟಿಗೆ ಬಿಡಿಸಿಕೊಂಡವು. ತೂತು, ಮರಳು, ತಾರಸಿಯ ಕಾವು ಯಾವುದೂ ಅಲ್ಲ. ಕುಂಡದ ಮಣ್ಣು ಯಾವತ್ತೂ ಸರಿಯಾಗಿಯೇ ಇತ್ತು. ಅದಕ್ಕೆ ನೀರು ಸಿಕ್ಕಿರಲಿಲ್ಲ, ಅಷ್ಟೇ. ಅವಳು ತುಳಸಿಗೆ ಮಾತ್ರ ಹಾಕಿ ಉಳಿದದ್ದನ್ನು ತನ್ನ ಬಾಯಾರಿಕೆಗೆ ಇಟ್ಟುಕೊಳ್ಳುತ್ತಿದ್ದಳು.

ಅವನು ಹಿಂದಡಿಯಿಡುತ್ತಾ ಇಳಿದ. ಬೀದಿಗೆ ಹೋಗಿ ಸೈಕಲ್ಲಿನ ಸ್ಟ್ಯಾಂಡನ್ನು ಕಾಲಿನಿಂದ ಜೋರಾಗಿ ಒದ್ದು ತೆಗೆದ, ಮತ್ತೆ ಹಾಕಿದ. "ಅಮ್ಮಾ, ಬಾಗಿಲು ತೆಗಿ" ಎಂದು ತೆರೆದೇ ಇದ್ದ ಬಾಗಿಲಿನ ಮುಂದೆ ಕೂಗಿದ. ಸ್ವಲ್ಪ ಹೊತ್ತಿಗೆ ಆದಿಲಕ್ಷ್ಮಿ ಗೋಡೆ ಹಿಡಿದು ಇಳಿದು ಬಂದಳು. ಬಾಯಿ ಒರೆಸಿಕೊಂಡಿದ್ದಳು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದ್ದಳು.

"ಬೇಗ ಬಂದ್ರಾ?"

"ಕರೆಂಟು ಹೋಯ್ತು."

ಮರುದಿನ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ಕುಳಿತವನಿಗೆ ಏನೂ ಕಾಣಲಿಲ್ಲ. ತಾಯಿಗೆ ಹೇಳಿದರೆ ಬೇಸಿನ್ನೂ ಬೀಗದೊಳಗೆ ಹೋಗುತ್ತದೆ. ಡಾಕ್ಟರಿಗೆ ಹೇಳಿದರೆ ಆ ಹುಡುಗನ ಬಾಯಿಗೆ ಬೀಳುತ್ತದೆ, ಎಲ್ಲ ಹಾಸಿಗೆಗಳೂ ನಗುತ್ತವೆ. ಅವಳಿಗೇ ಹೇಳಿದರೆ? ನಾನು ನೋಡಿದೆ ಎಂದು ಹೇಳಿದ ಮೇಲೆ ಅವಳು ಅವನ ಮುಖವನ್ನು ಹೇಗೆ ನೋಡಬೇಕು? ಇಪ್ಪತ್ತು ವರ್ಷಕ್ಕೂ ಮೀರಿದ ಸಂಸಾರದಲ್ಲಿ ಒಬ್ಬರ ಮಾನವನ್ನು ಇನ್ನೊಬ್ಬರು ಹೆಚ್ಚಾಗಿ ಸುಮ್ಮನಿದ್ದೇ ಕಾಪಾಡಿಕೊಂಡು ಬಂದಿದ್ದರು. ಬೊಗಸೆ ನೀರು. ಬೊಗಸೆ ನೀರಿಗೆ ಏನಾಗಿಬಿಡುತ್ತದೆ? ತೂಕವೂ ಸರಿಯಾಗಿದೆ. ಪುಡಿ ನೆನೆಸುವ ನೀರನ್ನು ತಾನೇ ಅಳೆದು ಹಾಕಿದರೆ ಎಷ್ಟು ಹೋಗುತ್ತದೆ ಎಂಬುದು ತನ್ನ ಕೈಯಲ್ಲೇ ಇರುತ್ತದೆ. ಯಾರಿಗೂ ತಿಳಿಯಬೇಕಾಗಿಲ್ಲ, ಅವಳಿಗೂ.

ಹೀಗೆ ಯೋಚಿಸಿದ ಮೇಲೆ ಎದೆ ಹಗುರಾಯಿತು. ಅವಳಿಗೆ ತಾನು ಏನಾದರೂ ಕೊಟ್ಟು ಎಷ್ಟು ದಿನವಾಗಿತ್ತು ಎಂದು ಯೋಚಿಸಿದ.

ಸಂಜೆ ವೆಂಕಟರವಣಪ್ಪನ ಹತ್ತಿರ ಇನ್ನೊಂದು ಇಟ್ಟಿಗೆ ತಂದ. ಮುನಿಶಾಮಮ್ಮ ಅದನ್ನು ಹೊರಳಿಸಿ ನೋಡಿದಳು.

"ಕುಂಡ ಎಲ್ಲಾ ತುಂಬಿದಾವಲ್ಲೋ. ಇದನ್ನೇನು ನಿನ್ನ ತಲೆಗೆ ಹಾಕ್ಕೊಂತೀಯಾ, ಕೂದ್ಲು ನಿಲ್ಲಲಿ ಅಂತ?"

"ಇರ್ಲಿ ಬಿಡಮ್ಮ. ಇನ್ನೊಂದೆರಡು ಕುಂಡ ಇಡೋಣ."

ಆದಿಲಕ್ಷ್ಮಿ ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದಳು. ಇಟ್ಟಿಗೆಯನ್ನು ನೋಡಿದಳು, ಆಮೇಲೆ ಅವನನ್ನು ನೋಡಿದಳು. ಅವನು ಕಣ್ಣು ತಪ್ಪಿಸಿ ಮೆಟ್ಟಿಲು ಹತ್ತಿದ.

ಮೊದಲ ನೀರನ್ನು ಬಸಿದು ಚೆಲ್ಲಿದ. ಎರಡನೆಯ ಸಲಕ್ಕೆ ನೀರು ಹಾಕಿದಾಗ ಅದೂ ಕಂದಾಯಿತು, ಆದರೆ ಮೊದಲಿನಷ್ಟಲ್ಲ. ಅದನ್ನೂ ಚೆಲ್ಲಬೇಕಿತ್ತು. ಟ್ಯಾಂಕರು ಬಂದಿರಲಿಲ್ಲ, ಡ್ರಮ್ಮಿನ ತಳ ಕಾಣುತ್ತಿತ್ತು. ಗಿಡದ ಬೇರಿಗಾದರೆ ಸುಡಬಹುದು ಎಂದುಕೊಂಡ. ಬೆರಳು ಅದ್ದಿ ನಾಲಗೆಗೆ ಮುಟ್ಟಿಸಿ ನೋಡಿದ. ಉಪ್ಪು ಅಷ್ಟಾಗಿ ಗೊತ್ತಾಗಲಿಲ್ಲ, ಸ್ವಲ್ಪ ಒಗರು ಅಷ್ಟೇ. ಗೋಣಿಚೀಲ ಮುಚ್ಚಿ ಇಳಿದ. ದಿನ ಬಿಟ್ಟು ದಿನ ಬೆಳಿಗ್ಗೆ, ಯಾರೂ ಏಳುವ ಮೊದಲು, ಕಡಿಮೆಯಾದಷ್ಟು ನೀರನ್ನು ಲೋಟದಲ್ಲಿ ಅಳೆದು ತುಂಬಿಸುತ್ತಾ ಬಂದ. ಅವಳ ತುಟಿಯ ಸೀಳು ಮುಚ್ಚತೊಡಗಿತು. ಒಂದು ದಿನ ಕನಕಾಂಬರ ಬಿಡಿಸಿಕೊಂಡು ಬಂದು ಕಟ್ಟಿದಳು. ಅತ್ತೆಯ ಜೊತೆ ಜಗಳವಾಡಿದಳು. ಮನೆಯಲ್ಲಿ ದನಿಗಳು ಎದ್ದವು.

ಅದೇ ವಾರದಲ್ಲಿ ಮುನಿಶಾಮಮ್ಮ ಸೊಪ್ಪು ಬೇಯಿಸಿದಳು. ಈ ಸೀಮೆಯಲ್ಲಿ ಸೊಪ್ಪು ಕಾಳು ಬೇಯಿಸಿದರೆ ಆ ನೀರನ್ನು ಬಸಿದು, ಖಾರ ರುಬ್ಬಿ ಹಾಕಿ ಬಸ್ಸಾರು ಮಾಡುತ್ತಾರೆ. ಬಸಿದ ನೀರಿನಲ್ಲೇ ಸಾರ ಇರುವುದು, ಅದನ್ನು ಚೆಲ್ಲುವ ಹೆಂಗಸು ಹೆಂಗಸೇ ಅಲ್ಲ. ಆದರೆ ಕೆಟ್ಟ ಮೂತ್ರಪಿಂಡ ಆ ಸಾರವನ್ನು ಹೊರಹಾಕಲಾರದು, ಆದಿಲಕ್ಷ್ಮಿಗೆ ಅದೇ ನಿಷಿದ್ಧ. ಅವಳ ಪಾಲಿನ ಸೊಪ್ಪನ್ನು ಬೇರೆ ಬೇಯಿಸಿ, ನೀರನ್ನೆಲ್ಲ ಮೋರಿಗೆ ಬಸಿದು, ಬರೀ ಹಿಪ್ಪೆ ಬಡಿಸಬೇಕು. ಅಂದು ಮನೆಯೆಲ್ಲ ಒಗ್ಗರಣೆಯ ಘಮ ತುಂಬಿದಾಗ ಆದಿಲಕ್ಷ್ಮಿ ಅಡುಗೆಮನೆಯ ಹೊಸ್ತಿಲಲ್ಲಿ ಬಂದು ಕುಳಿತಳು.

"ಅತ್ತೇ, ಒಂದು ಸೌಟು."

"ಬ್ಯಾಡ ಕಣೇ. ನಿನ್ನ ಗಂಡ ನನ್ನ ಬಯ್ತಾನೆ."

"ಅವರು ಬಯ್ಯೋರಾ? ಬಾಯಿ ಬಿಟ್ರೆ ತಾನೇ."

ಇಬ್ಬರೂ ನಕ್ಕರು. ಮುನಿಶಾಮಮ್ಮ ಬಾಗಿಲ ಕಡೆ ನೋಡಿ, ಒಂದು ಸೌಟು ಬಸ್ಸಾರನ್ನು ಮುದ್ದೆಯ ತುಣುಕಿನ ಪಕ್ಕ ಹಾಕಿದಳು. ಸೊಸೆ ತಟ್ಟೆಯನ್ನು ಬೆರಳಿನಿಂದ ಒರೆಸಿ ನೆಕ್ಕಿದಳು. ಚಲಪತಿಗೆ ಇದು ಆಮೇಲೆ ತಿಳಿದದ್ದು.

ಎರಡು ದಿನ ಕಳೆದು, ಆಸ್ಪತ್ರೆಗೆ ಹೋಗಬೇಕಾದ ಬೆಳಿಗ್ಗೆ, ಆದಿಲಕ್ಷ್ಮಿಗೆ ಹಾಸಿಗೆಯಿಂದ ಏಳಲಾಗಲಿಲ್ಲ.

"ರೀ, ಕಾಲು ಬರ್ತಿಲ್ಲ ಕಣ್ರೀ. ನನ್ನ ಕಾಲೇ ಅಲ್ಲ ಅನ್ನಂಗಾಗಿದೆ." ತುಟಿ ಸುತ್ತ ಜುಮ್ಮೆನ್ನುತ್ತಿದೆ ಎಂದಳು. ಮಾತು ತೊದಲುತ್ತಿತ್ತು. ಬಸ್ಸು ಸಾಧ್ಯವಿರಲಿಲ್ಲ. ಪಕ್ಕದ ಬೀದಿಯ ಎರ್ರಪ್ಪನ ಓಮ್ನಿಯಲ್ಲಿ ಹಿಂದಿನ ಸೀಟು ಮಡಚಿ ಅವಳನ್ನು ಮಲಗಿಸಿದರು. ಮುನಿಶಾಮಮ್ಮ ಸೊಸೆಯ ತಲೆಯನ್ನು ತೊ​ಡೆಯ ಮೇಲಿಟ್ಟುಕೊಂಡಳು. ದೇವನಹಳ್ಳಿ ದಾಟಿದ ಮೇಲೆ ಹೊಸ ವಿಮಾನ ನಿಲ್ದಾಣಕ್ಕೆಂದು ರಸ್ತೆ ಅಗೆದಿದ್ದರು. ಜಲ್ಲಿ ತುಂಬಿದ ಲಾರಿಗಳ ಹಿಂದೆ ಓಮ್ನಿ ತೆವಳಿತು. ಎರ್ರಪ್ಪ ಹಾರ್ನಿನ ಮೇಲಿಂದ ಕೈ ತೆಗೆಯಲಿಲ್ಲ.

ಆಸ್ಪತ್ರೆಯಲ್ಲಿ ಎದೆಗೆ ತಂತಿ ಅಂಟಿಸಿದರು, ರಕ್ತ ತೆಗೆದರು. ಡಾಕ್ಟರು ಕಾಗದದ ಮೇಲಿನ ಗೀಟುಗಳನ್ನು ನೋಡಿ ಯಾರನ್ನೋ ಕೂಗಿದರು. ಓಡಾಟ ಶುರುವಾಯಿತು. ಸ್ವಲ್ಪ ಹೊತ್ತಿಗೆ ಹೊರಗೆ ಬಂದು ನಿಂತವರ ದನಿಯಲ್ಲಿ ಸಿಟ್ಟಿತ್ತು.

"ರಕ್ತದಲ್ಲಿ ಪೊಟ್ಯಾಸಿಯಂ ಎಲ್ಲಿಗೋ ಏರಿಬಿಟ್ಟಿದೆ. ಹೃದಯ ಹಿಡಿದಿದೆ ಅದು. ಎಳನೀರು ಕೊಟ್ರಾ?"

"ಇಲ್ಲ ಸಾರ್."

"ನಿಜ ಹೇಳಿ. ಹಳ್ಳಿ ಕಡೆಯೋರು ತಂಪು ಅಂತ ಎಳನೀರು ಕೊಟ್ಟು ಕರ್ಕೊಂಡು ಬರ್ತೀರಿ."

"ಇಲ್ಲ ಸಾರ್, ತೆಂಗಿನಕಾಯಿ ಕೂಡ ಮನೆಗೆ…" ಎಂದವನು ನಿಲ್ಲಿಸಿದ.

ತೆಂಗಿನಕಾಯಿ. ಒಳಗಿನ ನೀರು ಬೇಡ ಎಂದು ಆಸ್ಪತ್ರೆಯಲ್ಲಿ ಹೇಳಿದ್ದರು. ಹೊರಗಿನ ಸಿಪ್ಪೆಯ ಮಾತು ಯಾರೂ ಹೇಳಿರಲಿಲ್ಲ. ಸಿಪ್ಪೆಯನ್ನು ಯಾರು ಕುಡಿಯುತ್ತಾರೆ? ಆದರೆ ತೆಂಗಿನ ಸಿಪ್ಪೆಯ ಬೂದಿಯಲ್ಲಿ ಪೊಟ್ಯಾಷ್, ಅಂದರೆ ಪೊಟ್ಯಾಸಿಯಂ ಉಪ್ಪು, ಹೇರಳ ಎಂಬುದನ್ನು ಅವನು ಕಾಲೇಜಿನಲ್ಲಿ ಓದಿದ್ದ, ಪರೀಕ್ಷೆಯಲ್ಲಿ ಬರೆದಿದ್ದ. ಉಪ್ಪಿರ್ತದೆ ಎಂದು ವೆಂಕಟರವಣಪ್ಪ ಹೇಳಿದಾಗ ಅವನ ಮನಸ್ಸಿಗೆ ಬಂದದ್ದು ಅಡುಗೆಯ ಉಪ್ಪು ಮಾತ್ರ. ನಾಲಗೆಗೆ ಮುಟ್ಟಿಸಿ ನೋಡಿದ್ದೂ ಅದನ್ನೇ. ಗೋಣಿಚೀಲದ ಕೆಳಗೆ, ಆ ಬಿಸಿಲಿನಲ್ಲಿ, ಚೆಲ್ಲದೆ ಉಳಿಸಿದ ಎರಡನೆಯ ನೀರಿನ ಮೇಲೆ ಅವನು ದಿನ ಬಿಟ್ಟು ದಿನ ಹೊಸ ನೀರು ಹಾಕಿದ್ದ.

"ಬಾಳೆಹಣ್ಣು? ಹಣ್ಣಿನ ರಸ? ಸೊಪ್ಪು ಬೇಯಿಸಿದ ನೀರು?" ಡಾಕ್ಟರು ಕೇಳುತ್ತಲೇ ಇದ್ದರು.

ಚಲಪತಿ ಬಾಯಿ ತೆರೆದ. ಅಷ್ಟರಲ್ಲಿ ಬೆನ್ನ ಹಿಂದೆ ಮುನಿಶಾಮಮ್ಮ ಗೋಡೆ ಹಿಡಿದು ಕುಸಿದು ಕುಳಿತಳು.

"ನಾನು ಕೊಟ್ಟೆ ಸಾಮಿ," ಎಂದಳು. "ಒಂದು ಸೌಟು ಬಸ್ಸಾರು. ಬಾಯಿಬಿಟ್ಟು ಕೇಳಿದ್ಲು. ತಡೀಲಾರದೆ ಕೊಟ್ಟೆ."

"ಏನಮ್ಮಾ ನೀವು! ಎಷ್ಟು ಸಲ ಹೇಳಿದ್ದೀವಿ. ಆ ನೀರು ವಿಷ ಅಂತ ಹೇಳಿರಲಿಲ್ವಾ?" ಡಾಕ್ಟರು ತಲೆಯಾಡಿಸಿ ಒಳಗೆ ಹೋದರು. ಬಾಗಿಲು ಎರಡು ಸಲ ತೂಗಾಡಿ ನಿಂತಿತು. ಚಲಪತಿಯ ತೆರೆದ ಬಾಯಿ ಮುಚ್ಚಿಕೊಂಡಿತು.

ಈಗ ಹೇಳಿದರೆ ಒಳಗೆ ಮಾಡುತ್ತಿರುವ ಚಿಕಿತ್ಸೆ ಬದಲಾಗುವುದಿಲ್ಲ ಎಂದು ಅವನು ತನಗೆ ತಾನೇ ಹೇಳಿಕೊಂಡ. ಅದು ನಿಜವೂ ಆಗಿತ್ತು. ಅವಳು ಉಳಿದರೆ ಹೇಳೋಣ ಎಂದುಕೊಂಡ. ಸಂಜೆಯೊಳಗೆ ಆದಿಲಕ್ಷ್ಮಿಯ ಹೃದಯ ನಿಂತಿತು.

ಮಗಳು ಬಿಂದುಶ್ರೀ ಗೌರಿಬಿದನೂರಿನಿಂದ ಬಂದಳು. ಅಲ್ಲಿನ ಕುಡುಮಲಕುಂಟೆಯ ಕಾರ್ಖಾನೆಯಲ್ಲಿ ಕೆಲಸದಲ್ಲಿದ್ದವಳು ಕೊರಳಿನ ಗುರುತಿನ ಚೀಟಿಯನ್ನೂ ತೆಗೆಯದೆ ಓಡಿಬಂದಿದ್ದಳು. ಹೆಣವನ್ನು ಜಗಲಿಯ ಮೇಲೆ ಮಲಗಿಸಿದ್ದರು. ರೂಢಿಯಂತೆ ಒಬ್ಬೊಬ್ಬರೇ ಬಂದು ಬಾಯಿಗೆ ನೀರು ಬಿಡುತ್ತಿದ್ದರು. ನೀರು ಒಳಗೆ ಇಳಿಯದೆ ಗದ್ದದ ಮೇಲಿಂದ ಹರಿದು ಕತ್ತಿನ ಕೆಳಗಿನ ಬಟ್ಟೆಯನ್ನು ತೋಯಿಸಿತ್ತು. ಮುನಿಶಾಮಮ್ಮನ ಸರದಿ ಬಂದಾಗ ಆಕೆ ಚಮಚ ಮುಟ್ಟಲಿಲ್ಲ. ನನ್ನ ಕೈ ಬ್ಯಾಡ, ನನ್ನ ಕೈ ಬ್ಯಾಡ ಎಂದು ಎರಡೂ ಕೈಗಳನ್ನು ಸೆರಗಿನೊಳಗೆ ಬಚ್ಚಿಟ್ಟುಕೊಂಡಳು.

"ಯಾಕಜ್ಜಿ ಕೊಟ್ಟೆ?" ಬಿಂದುಶ್ರೀ ಅವಳ ಭುಜ ಹಿಡಿದು ಅಲುಗಾಡಿಸಿದಳು. "ನೀನೇ ಕಾಯ್ತಾ ಇದ್ಯಲ್ಲ. ನೀನೇ ಯಾಕೆ ಕೊಟ್ಟೆ?"

"ಬಿಡು ಮಗು," ಎಂದು ಯಾರೋ ಬಿಡಿಸಿದರು. ಚಲಪತಿ ಕಂಬದ ಪಕ್ಕ ನಿಂತಿದ್ದ. ಎಲ್ಲರೂ ಅವನ ಮೌನವನ್ನು ದುಃಖವೆಂದೇ ತಿಳಿದರು. ಅದು ದುಃಖವೂ ಆಗಿತ್ತು.

ತಿಥಿ ಮುಗಿಯಿತು. ಬಂದವರು ಹೋದರು. ಬೀದಿಯ ಹೆಂಗಸರು ನಲ್ಲಿಯ ಹತ್ತಿರ, "ಪಾಪ, ಪ್ರೀತಿಗೇ ಕೊಟ್ಟಿದ್ದು ಆ ಮುದುಕಿ. ಒಂದು ಸೌಟು ಸಾರಿಗೆ ಸೊಸೆ ಹೋದ್ಲು" ಎಂದು ಮಾತಾಡಿಕೊಳ್ಳುತ್ತಿದ್ದರು. ಮುನಿಶಾಮಮ್ಮ ಅಲ್ಲೇ ಕೊಡ ಹಿಡಿದು ನಿಂತಿರುತ್ತಿದ್ದಳು, ಇಲ್ಲವೆನ್ನುತ್ತಿರಲಿಲ್ಲ.

ಬಸ್ಸಾರು ಆ ಮನೆಯಲ್ಲಿ ನಿಂತುಹೋಯಿತು. ಸೊಪ್ಪು ಬೇಯಿಸಿದರೆ ಮುನಿಶಾಮಮ್ಮ ನೀರನ್ನೆಲ್ಲ ಬಚ್ಚಲಿಗೆ ಬಸಿದು, ಹಿಪ್ಪೆಯನ್ನು ಮಗನಿಗೂ ತನಗೂ ಬಡಿಸುತ್ತಿದ್ದಳು. ಒಂದು ಮಧ್ಯಾಹ್ನ ಬಟ್ಟೆ ಹಿಡಿದು ಪಾತ್ರೆ ಬಗ್ಗಿಸಿದವಳು ಹಾಗೇ ನಿಂತಳು. ಹಸಿರು ನೀರು ಹರಿದು ಮುಗಿದು, ಬಚ್ಚಲ ಕಲ್ಲಿನಿಂದ ಹಬೆ ಏಳುತ್ತಿತ್ತು.

"ಒಂದು ಸೌಟು ಕಣಪ್ಪ," ಎಂದಳು, ಅವನ ಕಡೆ ತಿರುಗದೆ. "ನೀನು ಓದಿದವನು, ಹೇಳು. ಒಂದೇ ಒಂದು ಸೌಟಿಗೆ ಜೀವ ಹೋಗ್ಬಿಡ್ತದಾ?"

ಚಲಪತಿ ತಟ್ಟೆಯ ಮುಂದೆ ಕುಳಿತಿದ್ದ. ಹಬೆ ಕರಗುವವರೆಗೂ ಆಕೆ ಕಾದಳು.

"ಬಾಮ್ಮ, ಊಟ ಮಾಡು. ಆರಿಹೋಗುತ್ತೆ," ಎಂದ.

ಅದು ನಿನ್ನ ಸೌಟಿನಿಂದ ಆದದ್ದಲ್ಲ ಎಂಬ ಮಾತನ್ನು ಅವನು ಆ ಮಧ್ಯಾಹ್ನ ಹೇಳಲಿಲ್ಲ. ಆಮೇಲೂ ಆಕೆ ಹಲವು ವರ್ಷ ಬದುಕಿದ್ದಳು. ಯಾವತ್ತೂ ಹೇಳಲಿಲ್ಲ.